ಎಂಟನೆಯ ಎಸಳು

ಕಬ್ಬಿಣದ ಸರಳನ್ನು ಮಣ್ಣಿಗೆ ಊರಿ, ತಡೆಯಿಲ್ಲದೆ ಇಳಿದರೆ ಹಿಂದಕ್ಕೆಳೆದು, ಒಂದು ಗೇಣು ಮುಂದೆ ಮತ್ತೆ ಊರುತ್ತಿದ್ದೆ. ಆ ಹಳೆಯ ಉದ್ಯಾನದಲ್ಲಿ ಭಾನುವಾರಗಳಂದು ನನ್ನ ಕೆಲಸ ಅದೇ. ಕೊಳದ ಸುತ್ತ ತಾವರೆಯ ಎಸಳಿನಂತೆ ಬಾಗಿದ ಎಂಟು ಕಾಲುದಾರಿಗಳು ಎಂದೋ ಮಣ್ಣಿನಡಿ ಸೇರಿದ್ದವು. ಅವುಗಳ ಅಂಚಿನ ಇಟ್ಟಿಗೆಗೆ ಸರಳು ತಗುಲಿದರೆ ಅಂಗೈಗೆ ಗೊತ್ತಾಗುತ್ತಿತ್ತು. ಉಳಿದವರು ಬಂದು ಅಗೆಯುತ್ತಿದ್ದರು. ಒಂದು ವರ್ಷದಲ್ಲಿ ಏಳು ಸಿಕ್ಕಿದ್ದವು.

ನಾವು ಹತ್ತು ಹನ್ನೆರಡು ಜನ ಸ್ವಯಂಸೇವಕರು. ಹಳೆಯ ನಕ್ಷೆ ಹಿಡಿದು, ಅಳೆದು, ಸುಣ್ಣದ ಗೆರೆ ಹಾಕಿಕೊಡುತ್ತಿದ್ದವರು ಶಂಭುಲಿಂಗಯ್ಯನವರು, ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ನನ್ನ ಪಕ್ಕದಲ್ಲಿ ಮಣ್ಣು ಹೊರುತ್ತಿದ್ದವಳು ದೇವೀರಮ್ಮ.

"ಬೇಗ ಹುಡುಕ್ಬೇಡ ಕಣೇ," ಎಂದು ಅವಳು ಕೆಣಕುತ್ತಿದ್ದಳು. "ಎಲ್ಲಾ ಸಿಕ್ಬಿಟ್ರೆ ಭಾನುವಾರನೂ ಮನೆ ಗೋಡೆ ಜೊತೆನೇ ಮಾತಾಡ್ಬೇಕಾಗತ್ತೆ ನೀನು."

ಅವಳು ಹೇಳಿದ್ದು ತಮಾಷೆಗೆ. ವಾರದ ಉಳಿದ ಆರು ದಿನ ನನ್ನನ್ನು ಹೆಸರು ಹಿಡಿದು ಕರೆಯುವವರು ನಿಜಕ್ಕೂ ಯಾರೂ ಇರಲಿಲ್ಲ. ಎಂಟನೆಯ ಎಸಳು ಸಿಕ್ಕಿದರೆ ನಮ್ಮ ಕೆಲಸ ಮುಗಿಯಿತು, ಮುಂದಿನದು ನಗರಸಭೆಯ ಮಾಲಿಗಳದ್ದು ಎಂದು ಮೊದಲೇ ತೀರ್ಮಾನವಾಗಿತ್ತು.

ನನಗದು ಸಿಕ್ಕಿ ಐದು ವಾರವಾಗಿತ್ತು. ಮೇಷ್ಟ್ರ ಗೆರೆಯ ಮೇಲೆಯೇ, ನೇರಳೆ ಮರದ ಬಲಕ್ಕೆ, ಸರಳು ಇಟ್ಟಿಗೆಗೆ ತಗುಲಿ ನಿಂತಿತ್ತು. ಬರೀ ಮಣ್ಣು ಎಂದುಬಿಟ್ಟಿದ್ದೆ. ಆಮೇಲೆ ಪ್ರತಿ ಭಾನುವಾರ ಆ ಜಾಗವೊಂದನ್ನು ಬಿಟ್ಟು ಉಳಿದೆಲ್ಲ ಕಡೆ ಶ್ರದ್ಧೆಯಿಂದ ಹುಡುಕುತ್ತಿದ್ದೆ.

ಆ ದಿನ ಮೇಷ್ಟ್ರು ತಿಂಡಿಯ ಡಬ್ಬಿ ತೆರೆಯದೆ ಕುಳಿತಿದ್ದರು. ನೀರು ಕೊಡಲು ಹೋದೆ. ಅವರು ತಲೆಯೆತ್ತಲಿಲ್ಲ.

"ಅಳತೆ ನಂದೇ ತಪ್ಪಿರ್ಬೇಕಮ್ಮ. ಕಣ್ಣು ಮೊದಲಿನ ಹಾಗಿಲ್ಲ. ಇನ್ನೊಂದು ಭಾನುವಾರ ನೋಡಿ, ಗುರುತು ಹಾಕಿದ್ದೇ ತಪ್ಪಾಯ್ತು ಅಂತ ನಗರಸಭೆಗೆ ಬರ್ದುಕೊಟ್ಬಿಡ್ತೀನಿ."

"ಉಳಿದ ಏಳೂ ಸರಿಯಾಗೇ ಬಂತಲ್ಲ ಸಾರ್," ಎಂದೆ.

"ಏನೋ, ಅದೃಷ್ಟ ಇದ್ದಿರ್ಬೇಕು."

ಕೆಲಸ ಮುಗಿಸಿ ಹೊರಟಾಗ ದೇವೀರಮ್ಮ ಮುಂದಿನ ತಿಂಗಳು ಎಲ್ಲೆಲ್ಲಿ ಹುಡುಕಬೇಕೆಂದು ಹೇಳುತ್ತ ಬಂದಳು. ನಾನು ಹೂಂಗುಟ್ಟುತ್ತಿದ್ದೆ. ಮನಸ್ಸಿನಲ್ಲಿ ಆಗಲೇ ನಿಶ್ಚಯವಾಗಿತ್ತು. ಬರುವ ಭಾನುವಾರ ತೋಳು ನೋಯುತ್ತಿದೆ ಎಂದು ನೆಪ ಹೇಳಿ ಸರಳನ್ನು ಮೇಷ್ಟ್ರ ಕೈಗೇ ಕೊಡುವುದು. ನೇರಳೆ ಮರದ ಬಲಕ್ಕೆ ಅವರನ್ನು ನಿಲ್ಲಿಸುವುದು. ದೇವೀರಮ್ಮನಿಗೂ ಅದನ್ನು ಹೇಳಲಿಲ್ಲ.

ಗೇಟಿನ ಬಳಿ ಮೂರು ಮೆಟ್ಟಿಲುಗಳಿದ್ದವು. ಐದು ವಾರದ ಹಿಂದೆ ಅವನ್ನು ಸರಸರನೆ ಇಳಿದು ಹೋಗುತ್ತಿದ್ದ ಮೇಷ್ಟ್ರು ಈಗ ನಮ್ಮ ಮುಂದೆ, ಆ ನಿಚ್ಚಳ ಬಿಸಿಲಿನಲ್ಲೂ, ಒಂದೊಂದು ಮೆಟ್ಟಿಲಿನ ಅಂಚನ್ನು ಚಪ್ಪಲಿಯ ತುದಿಯಿಂದ ತಡವಿ ನೋಡಿ ಇಳಿಯುತ್ತಿದ್ದರು.