ಲಿಲ್ಲಿಸ್ ಅಂಗಡಿಯ ಪರದೆ

ಡೆಕ್ಲನ್ ಲಿಲ್ಲಿಸ್‌ನ ಅಂಗಡಿಯಲ್ಲಿ ಮ್ಯಾನೇಜರ್ ಆಗಿ ಇಷ್ಟು ವರ್ಷ ಏಗಿದ್ದೇನೆ, ಇನ್ನೂ ತಲೆ ಕೆಟ್ಟಿಲ್ಲ ಅನ್ನುವುದೇ ದೊಡ್ಡದು. ಅರವತ್ತು ದಾಟಿದ ಮನುಷ್ಯನನ್ನು ಏಕವಚನದಲ್ಲಿ ಕರೆಯುತ್ತೀಯಲ್ಲ ಎಂದು ನನ್ನ ಗಂಡ ವೆಂಕಟಾಚಲ ಆಕ್ಷೇಪಣೆ ಎತ್ತುತ್ತಾರೆ. ಅವರು ಒಂದೇ ಒಂದು ದಿನ ಅವನ ಕೈಕೆಳಗೆ ಕೆಲಸ ಮಾಡಿ ನೋಡಲಿ, ಆಮೇಲೆ ನನಗೆ ಮರ್ಯಾದೆ ಕಲಿಸಲಿ.

ಐರ್ಲೆಂಡಿನ ಕ್ಲೇರ್ ಕಡೆಯವನು. ಅಪ್ಪ ಒಂದು ಬೀದಿಯಂಗಡಿಯಿಂದ ಶುರು ಮಾಡಿ ಊರೂರಲ್ಲೂ ಅಂಗಡಿ ತೆರೆದವರು. ಅಪ್ಪ ಹೋದ ಮೇಲೆ ಇವನು ಯಜಮಾನನಾದ. ಎದುರಂಗಡಿಯವರ ಮೇಲೆ ಜಿದ್ದಿಗೆ ಬಿದ್ದು ಹಾಲಿನ ಬೆಲೆ, ಬ್ರೆಡ್ಡಿನ ಬೆಲೆ ಇಳಿಸುತ್ತಾ ಹೋದ. ಊರಿನವರಿಗೆ ಹೀರೋ ಆದ, ಒಡಹುಟ್ಟಿದವರಿಗೆ ಹುಚ್ಚನಾದ. ಆಮೇಲೆ ಕುಡಿತ ಹತ್ತಿಕೊಂಡಿತು. ಒಂದು ದಿನ ಕುಡಿದು ತನ್ನದೇ ಅಂಗಡಿಯ ಗಾಜಿನೊಳಕ್ಕೆ ಕಾರು ನುಗ್ಗಿಸಿ ಪೇಪರಿನಲ್ಲಿ ಬಂದ. ಹೆಂಡತಿ ಬಿಟ್ಟುಹೋದಳು. ಅಣ್ಣ, ತಂಗಿ ಎಲ್ಲರೂ ಮೀಟಿಂಗು ಕರೆದು, ಇವನ ಎದುರಿಗೇ ಕೈ ಎತ್ತಿ ಮತ ಹಾಕಿ, ಇವನನ್ನು ಕುರ್ಚಿಯಿಂದ ಇಳಿಸಿದರು. ಈಗ ಕಂಪನಿ ನಡೆಸುವವಳು ತಂಗಿ ಉನಾ. ಅವಳೇ ಇಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ಕಡೆಯ ಕ್ಯಾಂಪ್‌ಬೆಲ್‌ನಲ್ಲಿ, ಈ ಒಂದು ಅಂಗಡಿ ಹಾಕಿಕೊಟ್ಟು ಅಣ್ಣನನ್ನು ಕಳಿಸಿದಳು. ಪ್ರೀತಿಯಿಂದ ಅಲ್ಲ, ಕಣ್ಣಿಗೆ ಕಾಣದಷ್ಟು ದೂರ ಇರಲಿ ಅಂತ.

ಇಲ್ಲಿ ಬಂದು ಕುಡಿತ ಬಿಟ್ಟ. ಕೋಪ ಬಿಡಲಿಲ್ಲ. ಟೊಮೆಟೊ ಕೊಳೆತಿದೆ ಎಂದು ತರಕಾರಿ ತಂದವನ ಎದುರು ಇಡೀ ಡಬ್ಬವನ್ನು ರಸ್ತೆಗೆ ಎಸೆಯುತ್ತಾನೆ. ನಾನು ಹಿಂದಿನಿಂದ ಓಡಿಹೋಗಿ ಆ ತರಕಾರಿಯವನ ಕೈಕಾಲು ಹಿಡಿದು ಬರಬೇಕು. ಐರಿಷ್ ಚಹಾ, ಸಾಸೇಜ್ ಮಾತ್ರ ಇದ್ದ ಅಂಗಡಿಗೆ ರಾಗಿ ಹಿಟ್ಟು, ಕರಿಬೇವು, ಬೆಂಡೆಕಾಯಿ ತರಿಸಿದವಳು ನಾನು. ಆ ಬೆಂಡೆಕಾಯಿಯಿಂದಲೇ ಈರವ್ವ ಅವನಿಗೆ ಗಂಟುಬಿದ್ದದ್ದು.

ಈರವ್ವ ಧಾರವಾಡದ ಕಡೆಯವರು. ಹಿಂದಿನ ಬೀದಿಯಲ್ಲಿ ಮಗ ಲೋಹಿತ್‌ನ ಜೊತೆ ಇದ್ದರು. ದಿನಾ ಬೆಳಿಗ್ಗೆ ಬಂದು ಬೆಂಡೆಕಾಯಿಯ ತುದಿಯನ್ನು ಒಂದೊಂದಾಗಿ ಮುರಿದು ನೋಡುವುದು ಅವರ ಪದ್ಧತಿ. ಲಟಕ್ ಅಂದರೆ ಎಳೆಯದು, ಬಾಗಿದರೆ ಬಲಿತದ್ದು. ಮೊದಲ ದಿನವೇ ಡೆಕ್ಲನ್ ಅಂಗಡಿ ಹಾರಿಹೋಗುವ ಹಾಗೆ ಕೂಗಾಡಿದ.

"ಏನೋ ತಮ್ಮಾ, ಬಲತ ಬೆಂಡಿಕಾಯಿ ಮಾರಾಕ ನಿಂತೀಯಲ್ಲ, ನಾಚಿಕಿ ಬರಂಗಿಲ್ಲೇನು?" ಎಂದು ಈರವ್ವ ಕೂಗಿದರು.

ಅವನಿಗೆ ಕನ್ನಡ ಬಾರದು, ಅವರಿಗೆ ಇಂಗ್ಲಿಷ್ ಬಾರದು. ಜಗಳ ಮಾತ್ರ ಸರಾಗವಾಗಿ ನಡೆಯಿತು, ಮಾರನೆಯ ದಿನವೂ ನಡೆಯಿತು. ಮುರಿಯಬೇಡಿ ಎಂದು ಬೋರ್ಡು ಹಾಕಿಸಿದ. ಅವರು ಬೋರ್ಡಿಗೇ ಚೀಲ ನೇತುಹಾಕಿ ಮುರಿದರು. ಕ್ರಮೇಣ ಅವರು ಬರುವುದು ಒಂದು ದಿನ ತಡವಾದರೂ ಇವನು ಬಾಗಿಲ ಕಡೆ ನೋಡುವುದಕ್ಕೆ ಶುರು ಮಾಡಿದ.

ಈ ವರ್ಷ ಐರಿಷರ ಸೇಂಟ್ ಪ್ಯಾಟ್ರಿಕ್ ಹಬ್ಬವೂ ನಮ್ಮ ಯುಗಾದಿಯೂ ಒಂದೇ ವಾರದಲ್ಲಿ ಬಿದ್ದವು. ಅದಕ್ಕೆ ಮುಂಚಿನ ಶನಿವಾರ ನೋಡಿಕೊಂಡು ಉನಾ ಬರುತ್ತೇನೆ ಎಂದಳು. ಅಂಗಡಿ ಅಣ್ಣನ ಕೈಯಲ್ಲಿ ಉಳಿಯಬೇಕೋ ಬೇಡವೋ ಅಂತ ನಿರ್ಧರಿಸುವುದಕ್ಕೆ. ಡೆಕ್ಲನ್ ಮುಖ ಇಳಿಬಿಟ್ಟುಕೊಂಡು ಹೇಳಿದ: "ಇದೂ ಹೋದರೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗಲಿ, ಮೈಥಿಲಿ?"

"ಶನಿವಾರ ಒಂದು ದಿನ ಬಾಯಿ ಮುಚ್ಚಿಕೊಂಡಿರಿ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದೆ. ನಮ್ಮವರಿಗೆ ಮಾವಿನೆಲೆ, ಬೇವಿನ ಹೂವು, ಐರಿಷರಿಗೆ ಎಲೆಕೋಸು, ಉಪ್ಪು ಹಾಕಿದ ದನದ ಮಾಂಸ, ಎಲ್ಲವನ್ನೂ ಅವರವರ ಮೂಲೆಯಲ್ಲಿ ಜೋಡಿಸಿದೆ.

ಶುಕ್ರವಾರ ಈರವ್ವ ತೀರಿಕೊಂಡರು. ಲೋಹಿತ್ ಫೋನ್ ಮಾಡಿ, ನಾಳೆ ಬೆಳಿಗ್ಗೆ ಅಂತ್ಯಕ್ರಿಯೆ ಎಂದ. ಡೆಕ್ಲನ್‌ಗೆ ಹೇಳಿದೆ. ಅವನು ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಗಂಟೆಗೆ ಹೊರಡುತ್ತಾರೆ?" ಶವ ಇಟ್ಟಿದ್ದ ಜಾಗ ನಮ್ಮ ರಸ್ತೆಯ ಕೊನೆಯಲ್ಲೇ ಇತ್ತು.

ಶನಿವಾರ ಬೆಳಿಗ್ಗೆ ಅಂಗಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ನನಗೆ ಖುಷಿಯೋ ಖುಷಿ. ಉನಾ ಬರುವ ಹೊತ್ತಾಗಿತ್ತು. ಆಗ ಡೆಕ್ಲನ್ ಕಪ್ಪು ಕೋಟು ಹಾಕಿಕೊಂಡು ಒಳಗಿನಿಂದ ಬಂದ. "ಎಲ್ಲರೂ ಹೊರಗೆ ನಡೆಯಿರಿ" ಎಂದ.

"ಏನಾಯ್ತು ನಿಮಗೆ?" ಎಂದೆ.

"ಈರವ್ವ ಹೋಗುತ್ತಿದ್ದಾಳೆ. ನಮ್ಮೂರಲ್ಲಿ ಗಿರಾಕಿಯ ಹೆಣ ಅಂಗಡಿ ಮುಂದೆ ದಾಟುವಾಗ ಬಾಗಿಲು ತೆರೆದಿರುವುದಿಲ್ಲ."

"ಇದು ನಿಮ್ಮೂರಲ್ಲ! ನಿಮ್ಮ ತಂಗಿ ಬರ್ತಾ ಇದ್ದಾಳೆ!"

"ತಂಗಿಗೂ ಗೊತ್ತಿರುತ್ತದೆ."

ಸಾಮಾನು ತುಂಬಿದ ತಳ್ಳುಗಾಡಿಗಳನ್ನು ಅಲ್ಲಲ್ಲೇ ನಿಲ್ಲಿಸಿ ಜನರನ್ನು ಹೊರಗೆ ಕಳಿಸಿದ. ಕಿಟಕಿಯ ಪರದೆಗಳನ್ನೆಲ್ಲ ಕೆಳಗೆಳೆದ. ಬೀಗ ಹಾಕಿ ಫುಟ್‌ಪಾತಿನಲ್ಲಿ ಕೈಕಟ್ಟಿ ನಿಂತ. "ಯುಗಾದಿ ಸಾಮಾನು ಬೇಕಿತ್ತಲ್ರೀ, ಇದೇನಿದು?" ಎಂದು ಒಬ್ಬಾಕೆ ನನ್ನನ್ನೇ ತರಾಟೆಗೆ ತೆಗೆದುಕೊಂಡಳು. ಅರ್ಧ ಜನ ಬೇರೆ ಅಂಗಡಿಗೆ ಹೊರಟೇಹೋದರು. ನನಗೆ ಅವನ ಕುತ್ತಿಗೆ ಹಿಚುಕಬೇಕು ಅನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಉನಾಳ ಟ್ಯಾಕ್ಸಿ ಆಗಲೇ ಬಂದು ನಿಂತಿತು. ಪರದೆ ನೋಡಿದವಳೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು ಅಣ್ಣನ ಪಕ್ಕದಲ್ಲಿ ನಿಂತಳು. ಬದುಕಿದೆ ಅಂದುಕೊಂಡೆ.

ಕಾದೆವು. ಕಾರುಗಳು ಬಂದವು, ಹೋದವು, ಶವದ ಗಾಡಿ ಮಾತ್ರ ಬರಲಿಲ್ಲ. ಬಿಸಿಲು ಏರಿತು. ಮಿಕ್ಕ ಗಿರಾಕಿಗಳೂ ಕರಗಿದರು. ಕೊನೆಗೆ ನಾನೇ ಲೋಹಿತ್‌ಗೆ ಫೋನ್ ಮಾಡಿದೆ.

"ನಾವು ಆಗಲೇ ಕ್ರಿಮೆಟೋರಿಯಂ ಹತ್ರ ಇದ್ದೀವಿ ಆಂಟಿ. ಡ್ರೈವರು ಫ್ರೀವೇ ತಗೊಂಡ್ಬಿಟ್ಟ, ಅದೇ ಫಾಸ್ಟು ಅಂತ." ಆಮೇಲೆ ಕೇಳಿದ: "ಅಂಗಡಿಯವ್ರು ಕಾಯ್ತಾ ಇದ್ರಾ?"

ಡೆಕ್ಲನ್‌ಗೆ ಹೇಳಿದೆ. ಈರವ್ವ ದಿನಾ ನಡೆದ ಬೀದಿಯಲ್ಲಿ ಆಕೆಯನ್ನು ಕೊನೆಯ ಸಲ ಕರೆತರದೆ ಹೇಗೆ ಹೋಗುತ್ತಾರೆ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಬೀಗದ ಕೈ ಹಿಡಿದುಕೊಂಡು ರಸ್ತೆಯನ್ನೇ ನೋಡುತ್ತಾ ನಿಂತ.

"ಅಪ್ಪನೂ ಬಾಗಿಲು ಹಾಕುತ್ತಿದ್ದರು" ಎಂದಳು ಉನಾ. "ಆದರೆ ಹೆಣ ಬರುತ್ತದೋ ಇಲ್ಲವೋ ಕೇಳಿಕೊಂಡು ಹಾಕುತ್ತಿದ್ದರು, ಡೆಕ್ಲನ್. ನೀನು ಯಾವತ್ತೂ ಯಾರನ್ನೂ ಕೇಳುವುದಿಲ್ಲ."

ಅವನು ವಾದ ಮಾಡಲಿಲ್ಲ. ಯಾವಾಗಲೂ ಮಾಡುವವನು ಆ ಹೊತ್ತಿಗೆ ಮಾಡಲಿಲ್ಲ ಅನ್ನುವುದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಭಾನುವಾರ ಉನಾ ನನ್ನನ್ನು ಕೂರಿಸಿಕೊಂಡು ಹೇಳಿದಳು. ಅಂಗಡಿ ಚೆನ್ನಾಗಿದೆ, ಮುಚ್ಚುವುದಿಲ್ಲ. ಅಣ್ಣ ಮಾತ್ರ ಬೇಡ. ಇನ್ನು ಮುಂದೆ ನೀನೇ ನಡೆಸು. ನಾನು ಬೇಡಿಕೊಂಡೆ, ಆಮೇಲೆ ದನಿ ಏರಿಸಿದೆ. "ಇಷ್ಟು ವರ್ಷ ಅವನ ಮೇಲೆ ಗೊಣಗಿದವಳು ನೀನೇ ಅಲ್ಲವಾ?" ಎಂದಳು. ನಿಜ. ಆದರೆ ಗೊಣಗುವ ಹಕ್ಕು ನನ್ನದು, ಇವಳಿಗೆ ಯಾರು ಕೊಟ್ಟರು? ಹಬ್ಬ ಮುಗಿಯುವವರೆಗೆ ಅಂಗಡಿ ನೋಡಿಕೊಳ್ಳುತ್ತೇನೆ, ಆಮೇಲಿನದು ಆಮೇಲೆ ಎಂದೆ.

ಸೋಮವಾರ ಬೆಳಿಗ್ಗೆ ಡೆಕ್ಲನ್ ತನ್ನ ಸಾಮಾನನ್ನು ಹಳೆಯ ಕಾರಿಗೆ ತುಂಬಿಕೊಂಡ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯಾರೋ ಗೆಳೆಯನ ಮನೆಗೆ ಹೊರಟಿದ್ದ. ನನಗೆ ಬೀಗದ ಕೈ ಕೊಟ್ಟು, ತರಕಾರಿಯವನು ಮತ್ತೆ ಕೊಳೆತ ಟೊಮೆಟೊ ತಂದರೆ ತಗೋಬೇಡ ಎಂದಷ್ಟೇ ಹೇಳಿದ. ಕಾರು ಅಂಗಡಿಯ ಹಿಂದೆ ಇತ್ತು, ಸುತ್ತಿಕೊಂಡು ಅಂಗಡಿ ಎದುರಿನ ರಸ್ತೆಗೇ ಬರಬೇಕು.

ನಾನು ಒಳಗೆ ಬಂದೆ. ಉನಾ ಕ್ಯಾಶಿನ ಹತ್ತಿರ ನಿಂತಿದ್ದಳು. ಅಂಗಡಿ ತುಂಬಿತ್ತು.

"ಎಲ್ಲರೂ ಒಂದು ನಿಮಿಷ ಹೊರಗೆ ಬನ್ನಿ" ಎಂದೆ.

ಒಂದೊಂದಾಗಿ ಪರದೆಗಳನ್ನು ಎಳೆದೆ. ಬಾಗಿಲಿಗೆ ಬೀಗ ಹಾಕಿ ಫುಟ್‌ಪಾತಿನಲ್ಲಿ ನಿಂತೆ. ಉನಾ ನನ್ನ ಕಡೆ ನೋಡಲಿಲ್ಲ, ಆದರೆ ಬಂದು ನಿಂತಳು. ನೆರೆದವರಿಗೆ ಏನೂ ತಿಳಿಯಲಿಲ್ಲ, ಆದರೂ ನಮ್ಮ ಜೊತೆ ನಿಂತರು.

ಕಾರು ಬಂತು. ನಮ್ಮನ್ನು ನೋಡಿ ರಸ್ತೆ ನಡುವೆಯೇ ಬ್ರೇಕ್ ಹಾಕಿದ. ಹಿಂದಿನವರು ಹಾರ್ನ್ ಬಾರಿಸತೊಡಗಿದರು. ಗಾಜು ಇಳಿಸಿ, ಮುಖ ಕೆಂಪಗೆ ಮಾಡಿಕೊಂಡು ಅರಚಿದ: "ನಾನಿನ್ನೂ ಸತ್ತಿಲ್ಲ, ಮೈಥಿಲಿ! ಹಬ್ಬದ ವ್ಯಾಪಾರ ಹಾಳುಮಾಡುತ್ತೀಯಾ? ಬಾಗಿಲು ತೆಗಿ!"

"ನೀವು ದಾಟಿದ ಮೇಲೆ ತೆಗೀತೀನಿ" ಎಂದೆ.

ಪರದೆಗಳನ್ನು ನೋಡಿದ. ತಂಗಿಯನ್ನು ನೋಡಿದ. ಗಾಜು ಏರಿಸಿಕೊಂಡು, ಹಾರ್ನುಗಳಿಗೆ ಕಿವಿಗೊಡದೆ, ನಡೆದುಹೋಗುವಷ್ಟೇ ನಿಧಾನವಾಗಿ ಅಂಗಡಿಯನ್ನು ದಾಟಿದ. ಕಾರು ಮೂಲೆ ತಿರುಗುವವರೆಗೆ ನಾನು ಬಾಗಿಲು ತೆಗೆಯಲಿಲ್ಲ.