ಮಲ್ಲಿಗೆ ಚೌಕಟ್ಟಿನ ಫೋಟೊ

ಗಜೇಂದ್ರಗಡದ ದೀಪಶ್ರೀಯ ಕಾರ್ಡಿನ ಮೇಲೆ 'ಸೋಶಿಯಲ್ ಮೀಡಿಯಾ ಎಕ್ಸ್‌ಪರ್ಟ್' ಎಂದು ಬಂಗಾರದ ಬಣ್ಣದಲ್ಲಿ ಅಚ್ಚಾಗಿತ್ತು. ಸೀರೆ ಅಂಗಡಿಯಿರಲಿ, ಖಾನಾವಳಿಯಿರಲಿ, ಆಕೆ ಫೇಸ್‌ಬುಕ್ಕಿಗೆ ಹಾಕಿದರೆ ರೋಣದಿಂದ ನರಗುಂದದವರೆಗೆ ಜನ ನೋಡುತ್ತಿದ್ದರು. "ಮಂದಿ ಏನ್ ನೋಡತಾರ, ಯಾಕ ನೋಡತಾರ, ಎಲ್ಲಾ ನನಗ ಗೊತ್ತೈತಿ" ಎನ್ನುತ್ತಿದ್ದಳು. ಅನ್ನಲಿ ಬಿಡಿ, ತನ್ನ ಮಜ್ಜಿಗೆ ಹುಳಿ ಎಂದು ಯಾರು ಹೇಳುತ್ತಾರೆ?

ಒಂದು ಮುಂಜಾನೆ ನರೇಗಲ್ಲಿನಲ್ಲಿ ಖಾನಾವಳಿ ನಡೆಸುವ ಸಕ್ಕೂಬಾಯಿ ಫೋನು ಮಾಡಿದಳು. "ನಮ್ಮವ್ವ ಮನಿಯಾಗಿಲ್ಲ ದೀಪಾ. ನಸಕಿನ್ಯಾಗ ಯಾವ್ದೋ ಬಸ್ ಹತ್ಯಾಳಂತ. ಪೊಲೀಸರಿಗೂ ಹೇಳೇವಿ. ನೀ ಏನರೆ ಮಾಡವಾ."

ಆಕೆಯ ತಾಯಿ ಕಾಶಿಬಾಯಿಗೆ ಮರೆವು. ಹೆತ್ತ ಮಗಳ ಹೆಸರೇ ನೆನಪಿಲ್ಲ, ಊರಿನ ಹೆಸರನ್ನು ಎಲ್ಲಿಂದ ಹೇಳಬೇಕು? ಹೆಂಗಸರಿಗೆ ಬಸ್ಸು ಪುಕ್ಕಟೆ. ಮುದುಕಿ ಒಂದರಿಂದ ಇಳಿದು ಇನ್ನೊಂದು ಹತ್ತಿದರೆ ಎಲ್ಲೆಂದು ಹುಡುಕುವುದು?

ದೀಪಶ್ರೀ ಲಗುಬಗೆಯಿಂದ ಪೋಸ್ಟರ್ ಮಾಡಿದಳು. ನಡುವೆ ಅಜ್ಜಿಯ ನಗುಮುಖ, ಸುತ್ತಲೂ ಸೀರೆ ಅಂಗಡಿಗೆಂದು ಮಾಡಿಟ್ಟಿದ್ದ ಮಲ್ಲಿಗೆ ಹೂವಿನ ಚೌಕಟ್ಟು, ಅಡಿಯಲ್ಲಿ 'ಕಾಣೆಯಾಗಿದ್ದಾರೆ' ಎಂಬ ಮಾತು ಮತ್ತು ತನ್ನ ಫೋನ್ ನಂಬರು. ಅದನ್ನು ಹಾಕಿದವಳೇ ನರೇಗಲ್ಲಿನ ಬಸ್ಸು ಹಿಡಿದಳು.

ಆಕೆ ಹೋಗಿ ಮುಟ್ಟುವಷ್ಟರಲ್ಲಿ ಸಕ್ಕೂಬಾಯಿ ಎದೆ ಬಡಿದುಕೊಳ್ಳುತ್ತಿದ್ದಳು. ಪೋಸ್ಟರಿನ ಕೆಳಗೆ ಸಾಲುಸಾಲಾಗಿ 'ಓಂ ಶಾಂತಿ', 'ದೇವರು ಆತ್ಮಕ್ಕೆ ಶಾಂತಿ ಕೊಡಲಿ', 'ಮತ್ತೆ ಹುಟ್ಟಿ ಬಾ ಅಜ್ಜಿ', ಜೊತೆಗೆ ಮುಗಿದ ಕೈಗಳ ಚಿತ್ರ. ವಯಸ್ಸಾದವರ ಫೋಟೊ, ಸುತ್ತ ಹೂವು! ಅಕ್ಷರ ಓದುವ ಪುರಸೊತ್ತು ಯಾರಿಗಿದೆ?

"ಬಿಡತು ಅನ್ನು! ಇದ್ದಾಕಿನ್ನ ಮಂದಿ ಕೊಂದಿಟ್ಟಾರ. ಅದನ್ನ ಮೊದಲ ಅಳಿಸು!"

ದೀಪಶ್ರೀಗೆ ನಾಚಿಕೆಯಿಂದ ಜೀವ ಹಿಡಿಯಾಯಿತು. ಮೇಲೆ ದೊಡ್ಡದಾಗಿ 'ಅಜ್ಜಿ ಬದುಕಿದ್ದಾರೆ, ಹುಡುಕುತ್ತಿದ್ದೇವೆ' ಎಂದು ಸೇರಿಸಿದಳು. ಅದರ ಬೆನ್ನಿಗೇ ಮತ್ತೊಂದು ಓಂ ಶಾಂತಿ ಬಂತು. ಪೋಸ್ಟರನ್ನೇ ಅಳಿಸಲೆಂದು ಬೆರಳಿಟ್ಟವಳು ತಡೆದಳು. ಬರೆದವರಲ್ಲಿ ಸವಡಿಯವರಿದ್ದರು, ರೋಣದವರಿದ್ದರು, ಆಕೆ ಹೆಸರೇ ಕೇಳದ ಹಳ್ಳಿಗಳವರಿದ್ದರು.

"ಅಕ್ಕಾರ, ತಪ್ಪ ನಂದ ಖರೆ. ಆದ್ರ ಒಂದೊಂದ ಓಂ ಶಾಂತಿನೂ ಅವ್ವಾರ ಮಾರಿ ಒಂದೊಂದ ಮನಿಗೆ ಒಯ್ಯಾಕತ್ತೈತಿ. ಅಳಿಸಿದ್ರ ಇಲ್ಲೇ ನಿಂತಬಿಡತೈತ್ರಿ."

"ನಮ್ಮವ್ವನ ಸಾವು ಓದಕೋತ ಕುಂದರಲೇನು?"

"ಸಂಜಿತನಕ ತಡೀರಿ. ನಾನೂ ನಿಮ್ಮ ಜೋಡಿ ಕುಂದರತೀನಿ."

ಇಬ್ಬರೂ ಖಾನಾವಳಿಯ ಒಲೆಯ ಮುಂದೆ ಕುಳಿತರು. ಒಬ್ಬಳು 'ನಮ್ಮ ಆಯಿನೂ ಹಿಂಗ ನಗತಿದ್ದಳು' ಎಂದು ಬರೆದಿದ್ದಳು. ಇನ್ನೊಬ್ಬ, 'ಯಾರ ಮನಿ ಅಜ್ಜಿಯೋ, ಕಣ್ಣಾಗ ನೀರ ಬಂತು' ಎಂದಿದ್ದ. ಓದುತ್ತ ಓದುತ್ತ ದೀಪಶ್ರೀಗೆ ಮೈ ಜುಮ್ಮೆಂದಿತು. ಗುರುತಿಲ್ಲ, ಪರಿಚಯವಿಲ್ಲ, ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ಕೈ ಮುಗಿದು ಹೋಗುವ ಈ ಜನ ಎಲ್ಲಿದ್ದರು ಇಷ್ಟು ದಿನ? ಮಂದಿ ಯಾಕೆ ನೋಡುತ್ತಾರೆಂದು ತನಗೆ ಏನೇನೂ ಗೊತ್ತಿರಲಿಲ್ಲ ಎನಿಸಿತು.

ಮಧ್ಯಾಹ್ನ ಫೋನು ಬಂತು. "ನಾನು ಶಿರೋಳದಾಕಿ ರೀ, ಮುನೀರಾ. ನಿಮ್ಮ ಅಜ್ಜಿ ಫೋಟೊಕ್ಕ ನಾನೂ ಕೈ ಮುಗದು ಹಾಕಿದ್ನಿ. ಹಾಕಿ ತಲಿ ಎತ್ತಿ ನೋಡತೀನಿ, ಸತ್ತಾಕಿ ನಮ್ಮ ಪಡಸಾಲ್ಯಾಗ ಕುಂತು ರೊಟ್ಟಿ ತಿನ್ನಾಕತ್ತಾಳ್ರೀ! ಹಸಿವಿ ಅಂತ ಒಳಗ ಬಂದ್ರು. ಯಾವೂರು ಅಂತ ಕೇಳಿದ್ರ ಬರೇ ನಗತಾರ."

ಸಕ್ಕೂಬಾಯಿ ನಗುತ್ತ ಅತ್ತಳು, ಅಳುತ್ತ ನಕ್ಕಳು. ಬಾಡಿಗೆ ಗಾಡಿ ಮಾಡಿಕೊಂಡು ಇಬ್ಬರೂ ಶಿರೋಳಕ್ಕೆ ಓಡಿದರು.

ಕಾಶಿಬಾಯಿ ಮುನೀರಾಳ ಪಡಸಾಲೆಯ ಚಾಪೆಯ ಮೇಲೆ ಕಾಲು ಚಾಚಿ, ಮನೆಯ ಯಜಮಾನಿಯ ಹಾಗೆ ಕುಳಿತಿದ್ದಳು. ಮುನೀರಾ ತೋರಿಸುತ್ತಿದ್ದ ಫೋನಿನಲ್ಲಿ ತನ್ನ ಮುಖವನ್ನೂ ಅದರ ಕೆಳಗೆ ಮುಗಿಯದೆ ಸಾಗಿದ್ದ ಮುಗಿದ ಕೈಗಳನ್ನೂ ನೋಡುತ್ತಿದ್ದಳು.

"ಇಷ್ಟ ಮಂದಿ ಕೈ ಮುಗದಾರಲ್ಲ, ಇವ್ರೆಲ್ಲಾ ನನ್ನ ಬಳಗೇನ?"

ದೀಪಶ್ರೀ ಆಕೆಯ ಪಕ್ಕದಲ್ಲಿ ಮಂಡಿಯೂರಿದಳು. "ಹೌದಬೇ, ಎಲ್ಲಾ ನಿನ್ನ ಬಳಗನ."

ಮುದುಕಿ ಹಿಗ್ಗಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಗಳ ಮುಖವನ್ನೇ ದಿಟ್ಟಿಸಿ ಕೇಳಿದಳು, "ನೀ ಯಾರಕಿ ತಂಗೀ?"

ಸಕ್ಕೂಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ನಾನೂ ಆ ಬಳಗದಾಕಿನ ಯವ್ವಾ."

"ಹಂಗಾರ ಹೊರಗ್ಯಾಕ ನಿಂತಿ?" ಎಂದು ಕಾಶಿಬಾಯಿ ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ಬಾ, ಉಣ್ಣಾಕ ಕುಂದರು."