ಗೆತಾಹುನಣ್ಣನ ಬಾಯಿಗೆ ಬಾರದ ಮಾತು

ನಮ್ಮ ಜನಕ್ಕೆ ದೊಡ್ಡವರ ಎದುರು 'ಇಲ್ಲ' ಅನ್ನಲು ಬರುವುದಿಲ್ಲ. ಇಥಿಯೋಪಿಯಾದ ನಮ್ಮ ಬೆಟ್ಟದೂರುಗಳಲ್ಲಿ ಅದಕ್ಕೊಂದು ರೀತಿಯಿತ್ತು. ಎದುರಿಗೆ ಕೂತವರು ಏನೇ ಕೇಳಲಿ, ತಲೆಬಾಗಿಸಿ 'ಆಗಲಿ' ಅನ್ನುವುದು. ಮನಸ್ಸಿಲ್ಲದಿದ್ದರೆ ಒಂದೆರಡು ದಿನ ಬಿಟ್ಟು ಹಿರಿಯರನ್ನು ಕಳಿಸುವುದು. ಅವರು ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ, ಏಳುವ ಹೊತ್ತಿಗೆ ಮೆಲ್ಲಗೆ 'ಇಲ್ಲ' ಅಂದು ಬರುತ್ತಿದ್ದರು. ಇಸ್ರೇಲಿಗೆ ಬಂದಮೇಲೆ ಈ ಮರ್ಯಾದೆಯೇ ನಮಗೆ ಮುಳುವಾಯಿತು. ಇಲ್ಲಿಯವರು 'ಆಗಲಿ' ಕಿವಿಗೆ ಬಿದ್ದ ಕೂಡಲೇ ಸಹಿಗೆ ಕಾಗದ ಮುಂದಿಡುತ್ತಾರೆ.

ನಾನು ಫಂತಾಯೆ. ಈ ಊರಿನ ಶಾಲೆಗೂ ನಮ್ಮವರ ಮನೆಗಳಿಗೂ ನಡುವೆ ಮಾತು ದಾಟಿಸುವುದು ನನ್ನ ಕೆಲಸ. ಎರಡೂ ಕಡೆಯಿಂದ ಬೈಸಿಕೊಳ್ಳುವ ಕೆಲಸ ಅಂದರೂ ತಪ್ಪಿಲ್ಲ.

ಗೆತಾಹುನಣ್ಣನ ಮಗಳು ಅಸ್ನಾಕೆಚ್‌ಗೆ ಒಂಬತ್ತು ವರ್ಷ. ಬುದ್ಧಿ ಅಳೆಯುವ ಪರೀಕ್ಷೆಗೆ ಕೂರಿಸಿದಾಗ ಅವಳು ತಲೆಯೆತ್ತಲಿಲ್ಲ, ಬಾಯಿಬಿಡಲಿಲ್ಲ. ದೊಡ್ಡವರ ಎದುರು ಹಾಗೇ ಇರಬೇಕೆಂದು ಅವಳನ್ನು ಬೆಳೆಸಿದ್ದರು. ಚುಕ್ಕಿಗಳ ರಾಶಿಯಲ್ಲಿ ಅಡಗಿದ ಚೌಕಗಳನ್ನು ಹುಡುಕು ಅಂದರೆ ಸುಮ್ಮನೆ ಕಾಗದ ನೋಡುತ್ತ ಕೂತಳು. ಹುಟ್ಟಿದಾಗಿನಿಂದ ಅಂಥ ಕಾಗದವನ್ನೇ ಕಾಣದ ಮಗು ಇನ್ನೇನು ಮಾಡೀತು? ಮಂದಬುದ್ಧಿ ಎಂದು ಬರೆದುಬಿಟ್ಟರು. ಅಂಥ ಮಕ್ಕಳ ಶಾಲೆಗೇ ಕಳಿಸೋಣವೇ ಎಂದು ಯಾವ ಮಗು ಯಾವ ಶಾಲೆಗೆಂದು ತೀರ್ಮಾನಿಸುವ ಸಮಿತಿಯ ಮುಖ್ಯಸ್ಥೆ ದ್ವೋರಾ ಕೇಳಿದಾಗ ಗೆತಾಹುನಣ್ಣ ತಲೆಬಾಗಿಸಿ 'ಆಗಲಿ' ಅಂದ. ನನ್ನನ್ನು ಕರೆಯುವ ಗೋಜಿಗೇ ಯಾರೂ ಹೋಗಿರಲಿಲ್ಲ.

ಆಮೇಲೆ ಒಂದು ದಿನ ಅವನು ಬಿಳಿ ಶಾಲು ಹೊದ್ದ ಇಬ್ಬರು ಹಿರಿಯರ ಜೊತೆ ನನ್ನ ಬಾಗಿಲಿಗೆ ಬಂದ.

"ಆ ಸಮಿತಿ ಕಚೇರಿಗೆ ಹಿರಿಯರನ್ನ ಕರ್ಕೊಂಡು ಹೋಗಿದ್ದೆ ಫಂತಾಯೆ. ಬಾಗಿಲಲ್ಲಿ ಕಾವಲಿನೋನು ನಂಬರ್ ಚೀಟಿ ಕೊಟ್ಟು, ಮುಂದಿನ ತಿಂಗಳು ಬನ್ನಿ ಅಂದ."

"ಅಣ್ಣಾ, ಬೇಡ ಅಂತ ಅವತ್ತೇ ಹೇಳೋಕೆ ಏನಾಗಿತ್ತು ನಿಮಗೆ?"

"ಅಷ್ಟು ದೊಡ್ಡ ಹೆಂಗಸು. ಮುಖಕ್ಕೆ ಹೊಡೆದ ಹಾಗೆ ಹೇಗಮ್ಮಾ ಹೇಳೋದು?"

ನನಗೆ ಮೈಯೆಲ್ಲ ಉರಿಯಿತು. ಕಚೇರಿಗೆ ಅಲೆದೂ ಅಲೆದೂ ಇನ್ನೊಂದು ಸಭೆ ಗಿಟ್ಟಿಸಿಕೊಂಡೆ. ಬುದ್ಧಿಯನ್ನು ಕಲಿಸಿ ಬೆಳೆಸಬಹುದು ಎಂದು ನಂಬಿದ್ದ ಝಿವಾ ಎಂಬ ಶಿಕ್ಷಕಿಯ ಕೈಗೆ ಅಸ್ನಾಕೆಚ್‌ಳನ್ನು ಒಪ್ಪಿಸಿದೆ. ಝಿವಾ ಉತ್ತರ ಹೇಳಿಕೊಡುತ್ತಿರಲಿಲ್ಲ. "ಮೊದಲು ಏನು ನೋಡಿದೆ? ಎಲ್ಲಿ ಎಡವಿದೆ?" ಎಂದು ಕೇಳಿ, ಹುಡುಗಿ ಬಾಯಿಬಿಡುವವರೆಗೂ ಕಾಯುತ್ತಿದ್ದಳು. ಚಳಿಗಾಲ ಕಳೆಯುವ ಹೊತ್ತಿಗೆ ಹುಡುಗಿ ಆ ಚೌಕಗಳನ್ನು ನನಗಿಂತ ಬೇಗ ಹುಡುಕುತ್ತಿದ್ದಳು. ನನ್ನ ತಪ್ಪನ್ನೂ ತಿದ್ದಿದಳು.

ಕುಣಿಯುತ್ತ ಹೋಗಿ ದ್ವೋರಾಗೆ ಹೇಳಿದೆ.

"ಅದು ಕಲಿಸಿದ್ಮೇಲೆ ಬಂದಿದ್ದಲ್ವಾ? ಲೆಕ್ಕಕ್ಕೆ ಬರಲ್ಲ," ಅಂದಳು.

"ಕಲಿಸದೆ ನಿಮಗೆ ಏನೇನು ಬಂತು ಹೇಳಿ ನೋಡೋಣ," ಅಂದೆ. ತಂದೆ ಒಪ್ಪದೆ ಮಗುವನ್ನು ಕಳಿಸುವುದಿಲ್ಲ, ಬೇಡವಾದರೆ ಅವರೇ ಬಂದು ಹೇಳಲಿ ಅಂದಳು ದ್ವೋರಾ.

ಇನ್ನು ಉಳಿದದ್ದು ಗೆತಾಹುನಣ್ಣನಿಗೆ ಒಂದು ಮಾತು ಕಲಿಸುವುದು. ಆ ಕೆಲಸ ಹಿಡಿದವಳು ಅಸ್ನಾಕೆಚ್. ದಿನಾ ಸಂಜೆ ಕುರ್ಚಿಯ ಮೇಲೆ ಕಾಲುಮೇಲೆ ಕಾಲು ಹಾಕಿ ಕೂತು, ಅಪ್ಪನನ್ನು ಎದುರಿಗೆ ನಿಲ್ಲಿಸಿಕೊಳ್ಳುತ್ತಿದ್ದಳು.

"ನಾನು ದ್ವೋರಾ. ನಿಮ್ಮ ಮಗಳನ್ನ ಕಳಿಸ್ತೀರಾ?"

"ಇ..." ಅನ್ನುವಷ್ಟರಲ್ಲಿ ಅವನ ತಲೆ ತಾನೇ ಬಾಗುತ್ತಿತ್ತು. "ಆಗಲಿ."

"ಎಲ್ಲಿ ಎಡವಿದಿರಿ ಅಪ್ಪಾ? ನೀವೇ ಹೇಳಿ."

ನೆಲ ನೋಡಿಕೊಂಡು 'ಇಲ್ಲ' ಅನ್ನುವಷ್ಟು ಕಲಿತ. ಕಣ್ಣಿಗೆ ಕಣ್ಣು ಸೇರಿತೋ, ಮತ್ತೆ 'ಆಗಲಿ'. ನೋಡಿ ನೋಡಿ ನನಗೆ ತಲೆ ಚಚ್ಚಿಕೊಳ್ಳುವಂತಾಗುತ್ತಿತ್ತು.

ಸಭೆಯ ದಿನ ಅಪ್ಪ, ಮಗಳು, ನಾನು ಮೂವರೂ ಹೋದೆವು. ದ್ವೋರಾ ನಕ್ಕು, ನೀರು ಕೊಟ್ಟು, ಗೆತಾಹುನಣ್ಣನನ್ನು ಕುರ್ಚಿ ಎಳೆದು ಕೂರಿಸಿದಳು. ಅಷ್ಟು ಉಪಚಾರ ಸಾಕಾಯಿತು, ಅವನು ಅಲ್ಲಿಯೇ ಸೋತುಹೋದ.

"ಮಗಳನ್ನ ಆ ಶಾಲೆಗೆ ಕಳಿಸೋಣ ಅಲ್ವಾ?"

ಗೆತಾಹುನಣ್ಣನ ತುಟಿ ಅಲುಗಿತು. ತಲೆ ಬಾಗಿತು.

"ಇಲ್ಲ."

ಅಂದವಳು ಅಸ್ನಾಕೆಚ್. ದ್ವೋರಾಳ ಕಣ್ಣಲ್ಲೇ ಕಣ್ಣಿಟ್ಟು ಮುಂದುವರಿಸಿದಳು. "ಅಪ್ಪನಿಗೆ ಇಷ್ಟ ಇಲ್ಲ. ನಿಮಗೆ ನೋವಾಗುತ್ತೆ ಅಂತ ಹೇಳ್ತಿಲ್ಲ ಅಷ್ಟೆ. ಚುಕ್ಕಿ ಕಾಗದ ಕೊಡಿ, ಮಾಡಿ ತೋರಿಸ್ತೀನಿ."

ದ್ವೋರಾ ಪಕ್ಕದಲ್ಲಿ ಕೂತ ಸಮಿತಿಯವರ ಕಡೆ ತಿರುಗಿದಳು. "ದೊಡ್ಡವರ ಮಧ್ಯೆ ಬಾಯಿ ಹಾಕ್ತಾಳೆ. ಶಿಸ್ತಿನ ತೊಂದರೆ ಅಂತಾನೂ ಬರ್ಕೊಳ್ಳಿ."

ಸುಮ್ಮನಿದ್ದರೆ ಮಂದ, ಮಾತಾಡಿದರೆ ಶಿಸ್ತಿಲ್ಲ. ಇವರ ಪರೀಕ್ಷೆಯಲ್ಲಿ ನಮ್ಮ ಮಕ್ಕಳು ಪಾಸಾಗುವುದಾದರೂ ಹೇಗೆ? ನಾನು ಮೇಜು ಗುದ್ದಿ ಕೂಗಾಡಿದೆ. ಕೊನೆಗೆ ದ್ವೋರಾ, ಈ ವರ್ಷ ಇದೇ ಶಾಲೆಯಲ್ಲಿರಲಿ, ಬರುವ ವರ್ಷ ತಂದೆಯ ಬಾಯಿಂದಲೇ ಕೇಳುತ್ತೇವೆ ಎಂದು ಎದ್ದಳು. ಗೆದ್ದೆವೆಂದು ನನಗೆ ಅನ್ನಿಸಲೇ ಇಲ್ಲ.

ಮೂವರೂ ಬಸ್ ನಿಲ್ದಾಣಕ್ಕೆ ಬಂದೆವು. ಗೆತಾಹುನಣ್ಣ ಮಗಳನ್ನು ಕೇಳಿದ.

"ದೊಡ್ಡೋರ ಮುಖ ನೋಡ್ಕೊಂಡು ಹಾಗೆ ಮಾತಾಡೋದು ನಿಂಗೆ ಯಾರು ಕಲಿಸಿದ್ದು?"

ಬೈಗುಳ ನನಗೇ ಎಂದು ನಾನು ಸಿದ್ಧಳಾದೆ. ಅಸ್ನಾಕೆಚ್ ತಲೆತಗ್ಗಿಸಿದಳು.

"ಯಾರೂ ಇಲ್ಲ ಅಪ್ಪಾ. ನಿಮಗೆ ಕಲಿಸ್ತಾ ಕಲಿಸ್ತಾ ನಂಗೇ ಬಂತು."

ಬಸ್ಸೊಂದು ಬಂದು ಹೋಯಿತು. ನಾವು ಯಾರೂ ಹತ್ತಲಿಲ್ಲ.

"ದ್ವೋರಾ ಆಗಿ ಕೇಳು," ಅಂದ ಗೆತಾಹುನಣ್ಣ ಮಗಳಿಗೆ.

"ನಿಮ್ಮ ಮಗಳನ್ನ ಕಳಿಸ್ತೀರಾ?"

"ಇಲ್ಲ," ಅಂದ ತನ್ನ ಬೂಟುಗಳಿಗೆ.

"ಮುಖ ನೋಡಿ ಹೇಳಿ ಅಪ್ಪಾ."